ರಾಬರ್ಟ್ ಸೆವೆಲ್ ಕಂಡ ವಿಜಯನಗರ

ವಿಜಯನಗರದ ಚರಿತ್ರೆಯನ್ನು ಆಧುನಿಕ ಓದುಗರಿಗೆ ವಿಸ್ತಾರವಾಗಿ ಪರಿಚಯಿಸಿದವರಲ್ಲಿ ಮದ್ರಾಸು ಪ್ರಾಂತ್ಯದ ಸಿವಿಲ್ ಸೇವೆಯಲ್ಲಿದ್ದ ಆಂಗ್ಲ ವಿದ್ವಾಂಸ ರಾಬರ್ಟ್ ಸೆವೆಲ್ ಅಗ್ರಗಣ್ಯರು. 1900ರಲ್ಲಿ ಪ್ರಕಟವಾದ ಅವರ 'ಎ ಫರ್ಗಾಟನ್ ಎಂಪೈರ್' ಗ್ರಂಥವು ಹದಿನಾರನೆಯ ಶತಮಾನದಲ್ಲಿ ವಿಜಯನಗರದ ರಾಜಧಾನಿಯಾದ ಹಂಪಿಯನ್ನು ಕಂಡ ಪೋರ್ಚುಗೀಸರಾದ ಡೊಮಿಂಗೊ ಪಾಯಸ್ ಮತ್ತು ಫೆರ್ನಾವೊ ನೂನಿಜ್ ಅವರ ವೃತ್ತಾಂತಗಳನ್ನು ಅನುವಾದಿಸಿ ಕೊಟ್ಟಿತು.

ಆ ವೃತ್ತಾಂತಗಳ ಬೆಲೆ ಎಷ್ಟೆಂಬುದಕ್ಕೆ ಒಂದು ಕೆರೆಯ ಕಥನವೇ ಸಾಕ್ಷಿ. ನಾಗಲಾಪುರವೆಂದು ಹೆಸರಾಗಿದ್ದ ಇಂದಿನ ಹೊಸಪೇಟೆಯ ಬಳಿ ಕೃಷ್ಣದೇವರಾಯನು ಎರಡು ಬೆಟ್ಟಗಳ ನಡುವೆ ಏರಿ ಹಾಕಿಸಿದಾಗ ಹದಿನೈದು, ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದುದನ್ನು ಪಾಯಸ್ ಕಂಡನು. ಕೆರೆಯ ನೀರಿನಿಂದ ಸಾಗುವಳಿಯಾದ ನೆಲವನ್ನು ಅರಸನು ಒಂಬತ್ತು ವರ್ಷ ತೆರಿಗೆಯಿಲ್ಲದೆ ರೈತರಿಗೆ ಬಿಟ್ಟುಕೊಟ್ಟನೆಂದು ನೂನಿಜ್ ಬರೆದನು. ಸಂಡೂರು ಬೆಟ್ಟಸಾಲಿನ ಬಾಯಲ್ಲಿರುವ ದೊಡ್ಡ ಕೆರೆಯೇ ಇದೆಂದು ಸೆವೆಲ್ ಗುರುತಿಸಿದರು.

ಆದರೆ ಈ ಸಾಮಗ್ರಿಗೆ ಅವರು ತೊಡಿಸಿದ ಚೌಕಟ್ಟು ಇಕ್ಕಟ್ಟಾಗಿತ್ತು. ವಿಜಯನಗರಕ್ಕೂ ಮೊದಲಿದ್ದ ಕಂಪ್ಲಿಯ ಅರಸರು ದೆಹಲಿಯ ಸೈನ್ಯಕ್ಕೆ ಸೋತಂದಿನಿಂದ 1565ರ ತಾಳಿಕೋಟೆ ಯುದ್ಧದವರೆಗಿನ ಕಾಲವನ್ನು ಅವರು ಮುಸ್ಲಿಂ ದಾಳಿಗಳನ್ನು ತಡೆದ ಹಿಂದೂ ಕೋಟೆಯ ಕಥೆಯಾಗಿ ನೋಡಿದರು. ನೆಲದ ಸಾಕ್ಷ್ಯಗಳು ಈ ನೋಟಕ್ಕೆ ಪೂರ್ತಿಯಾಗಿ ಒಗ್ಗುವುದಿಲ್ಲ. ವಿಜಯನಗರದ ಅರಸ ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನು 1439ರಲ್ಲಿ ತನ್ನ ಒಡೆಯನ ಪುಣ್ಯಾರ್ಥವಾಗಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿಯನ್ನು ಅಲ್ಲಿನ ಕನ್ನಡ ಶಾಸನವು ಧರ್ಮಶಾಲೆಯೆಂದು ಕರೆಯುತ್ತದೆ. ಅಮೆರಿಕದ ವಿದ್ವಾಂಸ ಫಿಲಿಪ್ ವ್ಯಾಗನರ್ 1996ರ ಲೇಖನದಲ್ಲಿ, ರಾಯರ ಆಸ್ಥಾನಿಕರು ಕಬಾಯಿಯೆಂಬ ನಿಲುವಂಗಿಯನ್ನೂ ಕುಲ್ಲಾಯಿಯೆಂಬ ಎತ್ತರದ ಟೋಪಿಯನ್ನೂ ತೊಡುತ್ತಿದ್ದುದನ್ನು ವಿವರಿಸಿ, ಇಸ್ಲಾಮೀ ಜಗತ್ತಿನ ರಾಜಮರ್ಯಾದೆಗಳನ್ನು ಈ ಆಸ್ಥಾನವು ತನ್ನದಾಗಿಸಿಕೊಂಡಿತ್ತೆಂದು ತೋರಿಸಿದರು. ಆನೆಲಾಯದ ಗುಮ್ಮಟಗಳೂ ಕಮಲಮಹಲಿನ ಕಮಾನುಗಳೂ ಇದನ್ನೇ ಸಾರುತ್ತವೆ. ಯುದ್ಧಗಳು ನಡೆದದ್ದು ನಿಜ, ರಾಜಧಾನಿ ಹಾಳಾದದ್ದೂ ನಿಜ. ಆದರೆ ತಾಳಿಕೋಟೆಯಲ್ಲಿ ವಿಜಯನಗರದ ಸೈನ್ಯವನ್ನು ನಡೆಸಿದ ರಾಮರಾಯನು ಅದಕ್ಕೂ ಮೊದಲು ದಖನ್ನಿನ ಒಬ್ಬ ಸುಲ್ತಾನನೊಡನೆ ಸೇರಿ ಮತ್ತೊಬ್ಬನ ಮೇಲೆ ದಂಡೆತ್ತಿ ಹೋದದ್ದೂ ಅಷ್ಟೇ ನಿಜ.

ಆದ್ದರಿಂದ ಸೆವೆಲ್ ಅವರನ್ನು ಕೈಬಿಡುವುದೂ ಸಲ್ಲದು, ಅವರ ತೀರ್ಪನ್ನೇ ಕೊನೆಯ ಮಾತೆಂದು ಒಪ್ಪುವುದೂ ಸಲ್ಲದು. ಅವರು ಒದಗಿಸಿದ ವೃತ್ತಾಂತಗಳು ನಾಡಿಗೆ ದೊರೆತ ದೊಡ್ಡ ಕೊಡುಗೆ. ಅವುಗಳ ಅರ್ಥವನ್ನು ಈ ನಾಡಿನ ಶಾಸನಗಳ, ಕೆರೆಕಾಲುವೆಗಳ, ಕಟ್ಟಡಗಳ ಜೊತೆಯಲ್ಲಿಟ್ಟು ನಿರ್ಧರಿಸುವ ಹೊಣೆ ಕನ್ನಡ ಓದುಗರದು.