ಕೊರೊನಾ: ರಕ್ತದ ರಿಪೋರ್ಟ್ ಏನು ಹೇಳುತ್ತೆ? ಸೊಂಟದ ಅಳತೆ ಯಾಕೆ ಬೇಕು?

ಅರಸೀಕೆರೆ/ಬೇಲೂರು/ಹಳೇಬೀಡು: ಕೊರೊನಾ ಇದೆಯೋ ಇಲ್ಲವೋ ಎಂದು ತಿಳಿಸುವುದು ಮೂಗು, ಗಂಟಲು ದ್ರವದ ಪರೀಕ್ಷೆ. ಸಾಮಾನ್ಯ ರಕ್ತ ಪರೀಕ್ಷೆ ಅದನ್ನು ಹೇಳಲ್ಲ. ಸೋಂಕಿನಿಂದ ದೇಹಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಎಂದು ಅಂದಾಜಿಸಲು ವೈದ್ಯರಿಗೆ ಅದು ಬೇಕು.

ರಕ್ತದಲ್ಲಿ ಏನು ಬದಲಾಗುತ್ತೆ?

* ಲಿಂಫೋಸೈಟ್: ಬಿಳಿ ರಕ್ತಕಣದ ಒಂದು ಬಗೆ. ಕಾಯಿಲೆ ಜೋರಾದವರಲ್ಲಿ ಕಡಿಮೆಯಾಗುತ್ತೆ.
* ಸಿಆರ್‌ಪಿ: ಉರಿಯೂತ ಹೆಚ್ಚಿದಂತೆ ಏರುತ್ತೆ.
* ಡಿ-ಡೈಮರ್: ಏರಿದರೆ ರಕ್ತ ಹೆಪ್ಪುಗಟ್ಟುತ್ತಿರುವ ಅನುಮಾನ.
* ಸಕ್ಕರೆ: ಸೋಂಕಿನಿಂದಲೂ ಸ್ಟೀರಾಯ್ಡ್‌ನಿಂದಲೂ ಏರಬಹುದು. 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಹೆಚ್ಚಾಗಿ ಕಾಡಿದ್ದು ಸಕ್ಕರೆ ಕಾಯಿಲೆ ಇದ್ದವರನ್ನೇ.

ಬೇರೆ ಜ್ವರಗಳಲ್ಲೂ ಈ ಅಂಕಿಗಳು ಏರುಪೇರಾಗುತ್ತವೆ. ರಿಪೋರ್ಟ್ ನೋಡಿಕೊಂಡು ಮೆಡಿಕಲ್ ಸ್ಟೋರ್‌ನಲ್ಲಿ ತಾವೇ ಮಾತ್ರೆ ತಗೊಳ್ಳಬಾರದು.

ದೇಹದ ಅಳತೆ

ಬೊಜ್ಜು ಇದ್ದವರಿಗೆ ಕೊರೊನಾ ತೀವ್ರವಾಗುವ ಅಪಾಯ ಹೆಚ್ಚು. ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತೆ. 1.65 ಮೀಟರ್ ಎತ್ತರ, 70 ಕೆ.ಜಿ. ಇದ್ದವರಿಗೆ ಅದು 25.7. ಭಾರತೀಯರಿಗೆ 25 ದಾಟಿದರೆ ಬೊಜ್ಜು ಎಂದೇ ಲೆಕ್ಕ. ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ದಿನವಿಡೀ ಗಲ್ಲಾದ ಮುಂದೆ ಕೂರುವ ಅಂಗಡಿಯವರು ಒಮ್ಮೆ ಟೇಪು ಹಿಡಿದು ನೋಡಿಕೊಳ್ಳುವುದು, ಬಿಪಿ, ಶುಗರ್ ತೋರಿಸಿಕೊಳ್ಳುವುದು ಒಳ್ಳೇದು.

ಯಾವಾಗ ಕಾಯಬಾರದು?

ಬೆರಳಿಗೆ ಹಾಕುವ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ, ಉಸಿರು ಕಟ್ಟಿದರೆ ರಿಪೋರ್ಟ್ ಬರಲಿ ಅಂತ ಕೂರಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.