ಮೂಸಿ ದಡದ ಹುಣಸೆಮರ: ಕಟ್ಟದೆ ಉಳಿದ ಸ್ಮಾರಕ

ಕಲಬುರಗಿ, ಬೀದರ, ರಾಯಚೂರುಗಳಿಂದ ಬರುವ ನಮ್ಮ ಬಂಧುಗಳು ಇಳಿಯುವ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ಇಮ್ಲಿಬನ್ ಎಂಬ ಇನ್ನೊಂದು ಹೆಸರುಂಟು. ಇಮ್ಲಿಬನ್ ಎಂದರೆ ಹುಣಸೆಯ ತೋಪು. ತೋಪು ಹೋಗಿ ಹೆಸರು ಮಾತ್ರ ಉಳಿದಿದೆ. ಆದರೆ ಅಲ್ಲಿಂದ ಮೂಸಿ ನದಿಯ ದಡದಲ್ಲೇ ತುಸು ಮೇಲಕ್ಕೆ, ಅಫ್ಜಲ್‌ಗಂಜ್‌ನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ, ಒಂದು ಹಳೆಯ ಹುಣಸೆಮರ ಇಂದಿಗೂ ನಿಂತಿದೆ. ಹೈದರಾಬಾದಿನ ಅತ್ಯಂತ ದೊಡ್ಡ ದುರಂತಕ್ಕೆ ಅದೇ ಸ್ಮಾರಕ.

1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ನಗರವನ್ನು ನುಂಗಿತು. ಸತ್ತವರ ಸಂಖ್ಯೆ ಹದಿನೈದು ಸಾವಿರದಷ್ಟೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಸೇತುವೆಗಳು ಕೊಚ್ಚಿಹೋದವು, ಇದೇ ಜಾಗದಲ್ಲಿದ್ದ ಅಂದಿನ ಆಸ್ಪತ್ರೆಯೂ ಹೋಯಿತು. ಉರ್ದು ಕವಿ ಅಮ್ಜದ್ ಹೈದರಾಬಾದಿಯವರು ತಾಯಿ, ಹೆಂಡತಿ, ಮಗಳು ಮೂವರನ್ನೂ ಅಂದು ಕಳೆದುಕೊಂಡರು. ಆ ಪ್ರವಾಹದ ನಡುವೆ ಈ ಹುಣಸೆಯ ಕೊಂಬೆಗಳನ್ನೇರಿ ಕುಳಿತ ಸುಮಾರು 150 ಮಂದಿ ಬದುಕಿಕೊಂಡರು. ಮರದ ವಯಸ್ಸಿನ ಬಗೆಗೆ ಹೇಳಿಕೆಗಳು ಬೇರೆ ಬೇರೆ. ಅಂದಿಗೇ ಅದು ನೂರಾರು ಜನರ ಭಾರ ತಡೆಯಬಲ್ಲ ಹೆಮ್ಮರವಾಗಿತ್ತೆಂಬುದಂತೂ ಸ್ಪಷ್ಟ.

ಈ ಕಥೆಯ ಮುಂದಿನ ಅಧ್ಯಾಯದಲ್ಲಿ ನಮ್ಮವರೊಬ್ಬರಿದ್ದಾರೆ. ವಿದೇಶ ಪ್ರವಾಸದಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರ ಕರೆಸಿಕೊಂಡಿತು. 1909ರಲ್ಲಿ ಅವರು ಸಲ್ಲಿಸಿದ ವರದಿ, ನಗರದ ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸುವ ಜಲಾಶಯಗಳನ್ನೂ, ನಗರದೊಳಗಿನ ದಡಗಳಲ್ಲಿ ಉದ್ಯಾನಗಳನ್ನೂ ಸೂಚಿಸಿತು. ನದಿಯ ಜಲಾನಯನದಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದವೆಂದು ಅವರು ಲೆಕ್ಕ ಹಾಕಿದ್ದರು. ಅಂದರೆ ಆಪತ್ತಿನ ಮೂಲ ನಗರದಲ್ಲಿರಲಿಲ್ಲ, ಮೇಲಿನ ಬಯಲಿನಲ್ಲಿತ್ತು. ಆ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಗಂಡಿಪೇಟೆಗೆ ರಜೆಯ ದಿನ ಬುತ್ತಿ ಕಟ್ಟಿಕೊಂಡು ಹೋಗಿಬರುವ ನಮ್ಮ ಕುಟುಂಬಗಳು ನೋಡುವುದು ಆ ಪ್ರವಾಹದ ನೆನಪನ್ನೇ.

ಭೂದೃಶ್ಯದೊಡನೆ ಬೆರೆಯುವ ಸ್ಮಾರಕ ಹೇಗಿರಬೇಕೆಂಬ ಚರ್ಚೆ ಬಂದಾಗಲೆಲ್ಲ ನಮಗೆ ಈ ಮರ ನೆನಪಾಗುತ್ತದೆ. ಕುಪ್ಪಳಿಯ ಕವಿಶೈಲದಲ್ಲಿ ಕಲಾವಿದ ಕೆ.ಟಿ. ಶಿವಪ್ರಸಾದರು ಬೃಹತ್ ಶಿಲಾಖಂಡಗಳನ್ನು ಬೆಟ್ಟದ ಬಂಡೆಯ ಮೇಲೆ ನಿಲ್ಲಿಸಿದಾಗ, ಇದ್ದ ನೆಲವನ್ನೇ ಸ್ಮಾರಕದ ಭಾಗವಾಗಿಸಿದರು. ಅದು ಕಟ್ಟಿದ್ದರ ಸೊಗಸು. ಹುಣಸೆಮರದ ವಿಷಯದಲ್ಲಿ ವಿನ್ಯಾಸಕಾರನ ಕೆಲಸ ಇನ್ನೂ ಕಷ್ಟದ್ದು: ಕಟ್ಟದೆ ಇರುವುದು.

ಕಷ್ಟವೆಂದೇಕೆ ಹೇಳುತ್ತೇವೆಂದರೆ, ಮರ ಕಂಡಲ್ಲಿ ಕಟ್ಟೆ ಕಟ್ಟುವುದು ನಮಗೆ ರೂಢಿ. ಹಳ್ಳಿಯ ಅರಳಿಕಟ್ಟೆಯಲ್ಲಿ ಗಾರೆಯಿಲ್ಲದೆ ಜೋಡಿಸಿದ ಕಲ್ಲುಗಳ ಸಂದಿಯಿಂದ ನೀರೂ ಗಾಳಿಯೂ ಬೇರಿಗಿಳಿಯುತ್ತಿದ್ದವು. ಈಗಿನ ಸಿಮೆಂಟಿನ ಕಟ್ಟೆ ಹಾಗಲ್ಲ. ಬುಡದ ಸುತ್ತ ಮಣ್ಣು ಏರಿಸಿದರೆ ಕಾಂಡದ ತೊಗಟೆ ಕೊಳೆಯುತ್ತದೆ. ನೆಲಕ್ಕೆ ಕಾಂಕ್ರೀಟು ಹಾಸಿದರೆ ಬೇರು ಉಸಿರುಗಟ್ಟುತ್ತದೆ. ದೊಡ್ಡ ಮರದ ಬೇರುಗಳು ಕೊಂಬೆಗಳ ಹರವನ್ನೂ ದಾಟಿ ಹೋಗಿರುತ್ತವೆ ಮತ್ತು ಅವುಗಳಲ್ಲಿ ಹೆಚ್ಚಿನವು ಇರುವುದು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ. ಆದ್ದರಿಂದ ಕೊಳವೆ, ತಂತಿಗಳ ಅಗೆತ ಅಲ್ಲಿ ಸಲ್ಲದು. ಕೂರಲು ಆಸನ ಬೇಕೆಂದರೆ ದಖನ್ನಿನ ಗ್ರಾನೈಟು ಕಲ್ಲನ್ನು ನೆರಳಿನ ಅಂಚಿನಲ್ಲಿ ಹಾಗೆಯೇ ಇಡಬಹುದು. ನಡೆಯಲು ನೀರಿಂಗುವ ಜಲ್ಲಿಯ ಹಾದಿ ಸಾಕು. ಫಲಕವನ್ನು ಕಾಂಡಕ್ಕೆ ಮೊಳೆ ಹೊಡೆದು ತೂಗಿಸದೆ ಬೇರೆ ಕಲ್ಲಿನ ಮೇಲೆ ಕೆತ್ತಿಸಬೇಕು, ತೆಲುಗು, ಉರ್ದು, ಇಂಗ್ಲಿಷುಗಳ ಜೊತೆಗೆ ಕನ್ನಡದಲ್ಲಿಯೂ ಇದ್ದರೆ ನಮಗೆ ಸಂತೋಷ. ರಾತ್ರಿಯಿಡೀ ಉರಿಯುವ ಬಣ್ಣದ ದೀಪಗಳು ಬೇಡ. ಮರದಲ್ಲಿ ಮಲಗುವ ಹಕ್ಕಿಗಳಿರುತ್ತವೆ.

ಬೀಳುವ ಕೊಂಬೆಯ ಅಪಾಯವೂ ನಿಜವೇ. ಜನ ಓಡಾಡುವ ಆಸ್ಪತ್ರೆಯ ಅಂಗಳದಲ್ಲಿ ಅದನ್ನು ಕಡೆಗಣಿಸುವಂತಿಲ್ಲ. ಅದಕ್ಕೆ ಪರಿಹಾರ ಕಡಿಯುವುದಲ್ಲ. ವರ್ಷಕ್ಕೊಮ್ಮೆ ಸಸ್ಯತಜ್ಞರಿಂದ ಪರೀಕ್ಷೆ, ಒಣಗಿದ್ದನ್ನು ತೆಗೆಯುವುದು, ಭಾರವಾದ ಕೊಂಬೆಗೆ ಊರೆಗೋಲು. ಇದಕ್ಕೆಲ್ಲ ತಗಲುವ ಖರ್ಚು ಒಂದು ಸಾಧಾರಣ ಪ್ರತಿಮೆಯ ಪೀಠಕ್ಕಿಂತಲೂ ಹೆಚ್ಚಾಗಲಾರದೆಂಬುದು ನಮ್ಮ ಅಂದಾಜು. ಉದ್ಘಾಟನೆಗೆ ಕತ್ತರಿಸಲು ಟೇಪು ಸಿಗುವುದಿಲ್ಲ ಎಂಬುದೊಂದೇ ಕೊರತೆ!

ಮರ ಎಂದಾದರೂ ಸಾಯುತ್ತದೆ, ಕಲ್ಲು ಉಳಿಯುತ್ತದೆ ಎನ್ನುವವರಿಗೆ ನ್ಯೂಯಾರ್ಕಿನ ಉದಾಹರಣೆ ಇದೆ. 2001ರ ದಾಳಿಯ ಅವಶೇಷಗಳಲ್ಲಿ ಅರೆಜೀವವಾಗಿ ಸಿಕ್ಕ ಒಂದು ಪೇರ್ ಮರವನ್ನು ನರ್ಸರಿಯಲ್ಲಿ ಆರೈಕೆ ಮಾಡಿ, 2010ರಲ್ಲಿ ಸ್ಮಾರಕದ ಅಂಗಳಕ್ಕೆ ಮರಳಿ ತಂದು ನೆಟ್ಟರು. ಅದರ ಸಸಿಗಳನ್ನು ಬೇರೆಡೆ ದುರಂತ ಕಂಡ ಊರುಗಳಿಗೆ ಕಳುಹಿಸುತ್ತಾರೆ. ನಮ್ಮ ಹುಣಸೆಯ ವಂಶವನ್ನೂ ಹೀಗೆಯೇ ಬೆಳೆಸಬಹುದು. ಬೀಜದಿಂದ ಬಂದ ಗಿಡ ತಾಯಿಮರದಂತೆಯೇ ಇರಬೇಕೆಂದೇನಿಲ್ಲ; ಅದೇ ಗುಣ ಬೇಕಾದರೆ ಕಸಿ ಮಾಡಬೇಕಾಗುತ್ತದೆ.

ಈ ಮಾತನ್ನು ಈಗಲೇ ಆಡಲು ಕಾರಣವಿದೆ. ಶಿಥಿಲವಾದ ಉಸ್ಮಾನಿಯಾ ಆಸ್ಪತ್ರೆಗೆ ಗೋಶಾಮಹಲ್‌ನಲ್ಲಿ ಹೊಸ ಕಟ್ಟಡ ಕಟ್ಟಲು 2025ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಮೂಸಿ ದಡದ ಅಭಿವೃದ್ಧಿ ಯೋಜನೆಯ ಮಾತೂ ನಡೆದಿದೆ. ಆಸ್ಪತ್ರೆ ಸ್ಥಳಾಂತರಗೊಂಡ ಮೇಲೆ ಆ ಆವರಣದ ನಕ್ಷೆ ಬರೆಯುವವರು ಮೊದಲು ಮರದ ಬೇರಿನ ವೃತ್ತವನ್ನು ಗುರುತಿಸಿ, ಆನಂತರ ಉಳಿದದ್ದನ್ನು ಬರೆಯಬೇಕು. ನಕ್ಷೆ ಮುಗಿದ ಮೇಲೆ ಮರಕ್ಕೆ ಜಾಗ ಹುಡುಕಿದರೆ ಸಿಗುವುದಿಲ್ಲ.

2025ರ ಸೆಪ್ಟೆಂಬರ್ ಕೊನೆಯ ವಾರ, 1908ರ ದಿನಕ್ಕೆ ಸರಿಯಾಗಿ ಒಂದೆರಡು ದಿನ ಮುಂಚೆ, ಜಲಾಶಯಗಳ ಬಾಗಿಲು ತೆರೆದು ಮೂಸಿ ಮತ್ತೆ ಏರಿತು. ಇಮ್ಲಿಬನ್ ನಿಲ್ದಾಣದೊಳಗೆ ನೀರು ನುಗ್ಗಿ ಪ್ರಯಾಣಿಕರು ಸಿಲುಕಿಕೊಂಡರು. ಸೆಪ್ಟೆಂಬರ್ 28ರಂದು ನಗರದ ಕೆಲವು ನಾಗರಿಕ ಸಂಘಟನೆಗಳು ಹುಣಸೆಮರದ ಕೆಳಗೆ ಸೇರಿ ಮೃತರನ್ನು ಸ್ಮರಿಸುವ ಪದ್ಧತಿಯಿದೆ. ವಿಶ್ವೇಶ್ವರಯ್ಯನವರ ಜಯಂತಿಯನ್ನು ಸೆಪ್ಟೆಂಬರ್ 15ರಂದು ಆಚರಿಸುವ ನಾವು, ಹದಿಮೂರು ದಿನ ಕಳೆದು ಮಕ್ಕಳೊಡನೆ ಅಲ್ಲಿಗೂ ಹೋಗಿ ಬರಬಹುದು. ಹೋಗುವಾಗ ಹೂಮಾಲೆಗಿಂತ ಒಂದು ಕೊಡ ನೀರು ಒಯ್ದರೆ ಒಳ್ಳೆಯದು. ಅದನ್ನು ಬುಡಕ್ಕೆ ಸುರಿಯದೆ ಕೊಂಬೆಗಳ ಅಂಚಿನ ನೆಲಕ್ಕೆ ಹಾಕಬೇಕು, ನೀರು ಹೀರುವ ಎಳೆಬೇರುಗಳು ಇರುವುದು ಅಲ್ಲಿ.