ಮಾತು ಮತ್ತು ಮಸೂರ: ಒಂದು ಕೊಠಡಿಯ ಚಲಚ್ಚಿತ್ರ

ಮಾತೇ ಪ್ರಧಾನವಾದ ಚಲಚ್ಚಿತ್ರವು ನಾಟಕದ ನೆರಳಷ್ಟೇ ಎಂಬ ಆಕ್ಷೇಪಣೆ ವಾಕ್ಚಿತ್ರದಷ್ಟೇ ಹಳೆಯದು. ಅದಕ್ಕೆ ಕಾರಣವೂ ಇಲ್ಲದಿರಲಿಲ್ಲ. 1928-29ರ ಸುಮಾರಿಗೆ ಅಮೆರಿಕದ ಸ್ಟುಡಿಯೋಗಳಲ್ಲಿ, ಕ್ಯಾಮೆರಾದ ಸದ್ದು ಮೈಕಿಗೆ ಕೇಳಿಸಬಾರದೆಂದು ಅದನ್ನು ಛಾಯಾಗ್ರಾಹಕನೊಡನೆ ಗೂಡಿನಲ್ಲಿ ಮುಚ್ಚಿಡುತ್ತಿದ್ದರು. ಮೂಕಚಿತ್ರದ ಕಾಲದಲ್ಲಿ ಸ್ವಚ್ಛಂದವಾಗಿ ಚಲಿಸಿದ ಯಂತ್ರ ಕದಲದೆ ನಿಂತಿತು. ಈ ಬಂಧನ ಬೇಗನೆ ಕಳಚಿತು. ಆಕ್ಷೇಪಣೆ ಮಾತ್ರ ಉಳಿಯಿತು.

ಅದನ್ನು ಪರೀಕ್ಷಿಸಲು ಸಿಡ್ನಿ ಲುಮೆಟನ ‘12 ಆಂಗ್ರಿ ಮೆನ್’ (1957) ಚಿತ್ರಕ್ಕಿಂತ ತಕ್ಕ ನಿದರ್ಶನ ದೊರೆಯಲಾರದು. ರೆಜಿನಾಲ್ಡ್ ರೋಸ್ 1954ರಲ್ಲಿ ಟೆಲಿವಿಷನ್ನಿಗೆ ಬರೆದ ನಾಟಕ ಇದರ ಮೂಲ. ತಂದೆಯನ್ನು ಕೊಂದ ಆರೋಪ ಹೊತ್ತ ತರುಣನೊಬ್ಬನ ವಿಷಯದಲ್ಲಿ ಹನ್ನೆರಡು ಮಂದಿ ಜೂರಿಗಳು ನಡೆಸುವ ವಾದವೇ ಕಥೆ. ಸುಮಾರು 96 ನಿಮಿಷಗಳಲ್ಲಿ ಕೆಲವನ್ನುಳಿದು ಮಿಕ್ಕದ್ದೆಲ್ಲ ಜೂರಿಗಳ ಕೊಠಡಿಯಲ್ಲೇ ನಡೆಯುತ್ತದೆ.

ಇಂತಹುದೇ ಇಕ್ಕಟ್ಟಿನಲ್ಲಿ ಹಿಚ್‌ಕಾಕನು ‘ರೋಪ್’ (1948) ಚಿತ್ರಕ್ಕೆ ಹತ್ತು ನಿಮಿಷಗಳವರೆಗೂ ಸಾಗುವ ಅಖಂಡ ಷಾಟುಗಳನ್ನು ಬಳಸಿದ್ದನು. ಅಲ್ಲಿ ನಮ್ಮ ಗಮನ ಕೊಲೆಗಿಂತ ಕ್ಯಾಮೆರಾದ ಕಡೆಗೇ ಹರಿಯುವುದೆಂದು ಹೇಳದೆ ವಿಧಿಯಿಲ್ಲ.

ಲುಮೆಟನ ಮಾರ್ಗ ಬೇರೆ. 1995ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನೇ ಅದನ್ನು ವಿವರಿಸಿದ್ದಾನೆ. ಚಿತ್ರದ ಮೊದಲ ಮೂರನೆಯ ಒಂದು ಭಾಗವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದಲೂ, ನಡುವಣ ಭಾಗವನ್ನು ಕಣ್ಣಿನ ಮಟ್ಟದಲ್ಲಿಯೂ, ಕಡೆಯದನ್ನು ಕೆಳಗಿನಿಂದಲೂ ತೆಗೆಯಲಾಯಿತು. ಆದುದರಿಂದ ಮೊದಲು ಕಾಣದಿದ್ದ ಚಾವಣಿ ಕೊನೆಕೊನೆಗೆ ತಲೆಗಳ ಮೇಲೆ ಬಂದು ಕೂರುತ್ತದೆ. ಮಸೂರಗಳೂ ಅಂತೆಯೇ ಬದಲಾದವು: 28ರಿಂದ 40 ಮಿಲಿಮೀಟರಿನವುಗಳಿಂದ ಮೊದಲಾಗಿ 50, 75, 100ರವರೆಗೆ. ಸಂಗಮದೂರ ಹೆಚ್ಚಾದ ಮಸೂರದಿಂದ ದೂರಸರಿದು ಮುಖವನ್ನು ಹಿಡಿದಾಗ ಹಿಂದಿನ ಗೋಡೆ ಅದಕ್ಕೆ ಒತ್ತಿಕೊಂಡಂತೆ ತೋರುವುದು. ಗೋಡೆ ಒಂದಂಗುಲವೂ ಸರಿಯದೆ ಕೊಠಡಿ ಕಿರಿದಾಯಿತು! ಪ್ರೇಕ್ಷಕನಿಗೆ ಇದರ ಅರಿವಾಗದು. ಉಸಿರು ಕಟ್ಟುವುದು ಮಾತ್ರ ತಿಳಿಯುವುದು. ನ್ಯಾಯಾಲಯದಿಂದ ಹೊರಬರುವ ಕಡೆಯ ಷಾಟಿಗೆ ಅತ್ಯಂತ ವಿಶಾಲ ನೋಟದ ಮಸೂರವನ್ನಿಟ್ಟು ಆ ಉಸಿರನ್ನು ಹಿಂದಿರುಗಿಸಲಾಗಿದೆ.

ಈ ಕ್ರಮವನ್ನು ಕಥೆಯ ಅನುಕ್ರಮದಲ್ಲಿ ಚಿತ್ರಿಸಲಿಲ್ಲವೆಂಬುದು ಗಮನಾರ್ಹ. ಹಣ ಕಡಮೆ, ಕಾಲಾವಕಾಶ ಮೂರು ವಾರಕ್ಕೂ ಕಡಮೆ. ಒಂದು ಕುರ್ಚಿಗೆ ದೀಪ ಹೊಂದಿಸಿದರೆ, ಆ ಬೆಳಕಿನಲ್ಲಿ ಅಲ್ಲಿ ನಡೆಯುವುದೆಲ್ಲವನ್ನೂ ಮುಗಿಸಿಯೇ ಮುಂದಿನ ಕುರ್ಚಿಗೆ ಹೋಗುತ್ತಿದ್ದರು. ಹಗಲ ಬೆಳಕು, ಮಳೆಮೋಡ, ದೀಪ ಹತ್ತಿದ ಮೇಲಿನ ಬೆಳಕು ಎಂದು ಹೀಗೆ ಮೂರು ಸಲ ಕೊಠಡಿಯನ್ನು ಸುತ್ತಿದರು. ಛಾಯಾಗ್ರಾಹಕ ಬೋರಿಸ್ ಕಾಫ್‌ಮನ್ನನಿಗೂ ಲುಮೆಟನಿಗೂ ಯಾವ ಮಾತಿಗೆ ಯಾವ ಮಸೂರವೆಂಬುದು ಮೊದಲೇ ತಿಳಿದಿರಬೇಕಾಗಿತ್ತು. ತೆರೆಯ ಮೇಲೆ ಮುಖಾಮುಖಿಯಾಗಿ ಸಿಡಿಯುವ ಇಬ್ಬರ ಮಾತುಗಳು ಹಲವು ದಿನಗಳ ಅಂತರದಲ್ಲಿ ಚಿತ್ರಿತವಾದವು.